ಮನಸ್ಸಿಗೊಂದು ಕಿರ್ದಿ ಪುಸ್ತಕ

ಮನಸ್ಸು ಚಂಚಲವೆಂದು ಹೇಳದ ಶಾಸ್ತ್ರವಿಲ್ಲ. ಅದನ್ನು ಕೋತಿಗೂ ಗಾಳಿಗೂ ಕಡಿವಾಣವಿಲ್ಲದ ಕುದುರೆಗೂ ಹೋಲಿಸಿ ಹಿಂದಿನವರು ಹೇಳಿದ್ದನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಆ ಚಾಂಚಲ್ಯದ ತಾತ್ತ್ವಿಕ ಪಕ್ಷವನ್ನಲ್ಲ, ಗೃಹಕೃತ್ಯದ ಪಕ್ಷವನ್ನು. ಒಲೆಯ ಮೇಲೆ ಹಾಲಿಟ್ಟು ಮರೆತ ತಾಯಿ, ಬ್ಯಾಂಕಿನ ಕಂತಿನ ದಿನವನ್ನು ತಪ್ಪಿಸಿಕೊಂಡ ತಂದೆ, ಶಾಲೆಯಿಂದ ಬರುವಾಗ ದಿನಕ್ಕೊಂದು ವಸ್ತುವನ್ನು ಕಳೆದುಕೊಂಡು ಬರುವ ಮಗ, ಇವರ ತಲೆಯಲ್ಲಿ ನಡೆಯುವುದೇನು, ಅದಕ್ಕೆ ಒಂದು ತುಂಡು ಕಾಗದ ಎಷ್ಟರಮಟ್ಟಿಗೆ ಆಸರೆಯಾದೀತು ಎಂಬುದಷ್ಟೇ ಇಲ್ಲಿಯ ವಿಷಯ.

“ತಲೆ ತುಂಬಿ ಹೋಗಿದೆ” ಎಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಕೆಲಸದ ಹೊರೆ ಹಿಂದಿನವರಿಗೆ ಕಡಿಮೆಯಿತ್ತೆಂದು ನಮಗೆ ಅನಿಸುವುದಿಲ್ಲ. ಬೀಸುವುದು, ಕುಟ್ಟುವುದು, ನೀರು ಸೇದುವುದು, ದನಕರುಗಳ ಆರೈಕೆ, ಇವೇನು ಹಗುರವಾದ ಕೆಲಸಗಳೇ? ಆದರೆ ಆ ಕೆಲಸಗಳು ಕಣ್ಣೆದುರಿಗೆ ಇರುತ್ತಿದ್ದವು. ಖಾಲಿಯಾದ ಕೊಡವೇ ನೀರನ್ನು ನೆನಪಿಸುತ್ತಿತ್ತು, ಕೂಗುವ ಕರುವೇ ಮೇವನ್ನು ನೆನಪಿಸುತ್ತಿತ್ತು. ಇಂದಿನ ಕೆಲಸಗಳಲ್ಲಿ ಬಹುಪಾಲು ಕಣ್ಣಿಗೆ ಕಾಣುವಂಥವಲ್ಲ. ವಿಮೆಯ ಕಂತು, ಆಧಾರ್ ಜೋಡಣೆ, ಮಗಳ ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ, ಮೊಬೈಲಿಗೆ ಬಂದ ನಲವತ್ತು ಸಂದೇಶಗಳಲ್ಲಿ ಉತ್ತರ ಬೇಕಾದ ಮೂರು, ಇವೆಲ್ಲವನ್ನೂ ತಲೆಯೇ ಹೊತ್ತು ತಿರುಗಬೇಕು. ಹೊರಲಾರದವರು ಸೋಲುತ್ತಾರೆ. ಕೆಲವರಂತೂ ಇತರರಿಗಿಂತ ಬಹುಬೇಗ ಸೋಲುತ್ತಾರೆ. ಅವರ ಸೋಲನ್ನು ಸೋಮಾರಿತನವೆಂದು ಕರೆಯುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆಯಾದ್ದರಿಂದ ಈ ಮಾತನ್ನು ವಿವರವಾಗಿಯೇ ಹೇಳಬೇಕಾಗಿದೆ.

ನಮ್ಮ ನಾಡಿನಲ್ಲಿ ಅಷ್ಟಾವಧಾನವೆಂಬ ವಿದ್ವತ್ಕಲೆಯೊಂದುಂಟು. ಎಂಟು ಮಂದಿ ಪೃಚ್ಛಕರು ಸುತ್ತಲೂ ಕುಳಿತು ಅವಧಾನಿಯನ್ನು ಪ್ರಶ್ನಿಸುತ್ತಾರೆ. ಒಬ್ಬರು ಸಮಸ್ಯೆಯ ಪಾದವನ್ನು ಕೊಡುತ್ತಾರೆ, ಇನ್ನೊಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧವನ್ನು ಹೇರುತ್ತಾರೆ, ಮತ್ತೊಬ್ಬರು ಆಗಾಗ ಗಂಟೆ ಬಾರಿಸಿ ಕೊನೆಗೆ ಲೆಕ್ಕ ಕೇಳುತ್ತಾರೆ. ಅವಧಾನಿಯು ಲೇಖನಿಯನ್ನಾಗಲಿ ಕಾಗದವನ್ನಾಗಲಿ ಮುಟ್ಟದೆ ಎಲ್ಲವನ್ನೂ ಧಾರಣೆಯಲ್ಲಿ ಇರಿಸಿಕೊಂಡು ಪೂರೈಸಬೇಕು. ಈ ಎಂಟರಲ್ಲಿ ಒಬ್ಬರ ನಿಯೋಗ ಮಾತ್ರ ವಿಲಕ್ಷಣವಾದುದು. ಅದರ ಹೆಸರು ಅಪ್ರಸ್ತುತ ಪ್ರಸಂಗ. ಅವಧಾನಿಯು ಪದ್ಯದ ಪಾದವನ್ನು ಕಟ್ಟುತ್ತಿರುವ ಹೊತ್ತಿನಲ್ಲಿಯೇ ಸಂಬಂಧವಿಲ್ಲದ ಮಾತನ್ನು ತೆಗೆದು ಅವರ ಏಕಾಗ್ರತೆಯನ್ನು ಕೆಡಿಸುವುದೇ ಆ ಪೃಚ್ಛಕರ ಕೆಲಸ. ಸಭಿಕರಿಗೆ ಅದು ವಿನೋದ. ಆದರೆ ಅಂಥ ಒಬ್ಬ ಪೃಚ್ಛಕನು ಸಭೆ ಮುಗಿದ ಮೇಲೂ ಎದ್ದು ಹೋಗದೆ ತಲೆಯೊಳಗೇ ಮನೆ ಮಾಡಿಕೊಂಡು, ಊಟದಲ್ಲಿ, ಓದಿನಲ್ಲಿ, ವ್ಯಾಪಾರದಲ್ಲಿ, ಮಲಗುವ ಹೊತ್ತಿನಲ್ಲಿ ಬಾಯಿ ಹಾಕುತ್ತಲೇ ಇದ್ದರೆ ಆ ಮನುಷ್ಯನ ಗತಿಯೇನು?

ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುವ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಕನ್ನಡದಲ್ಲಿ ಅದನ್ನು ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಬಹುದು. ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಕಾಯಿಲೆಯೆಂದು ಹಿರಿಯರು ಕೆಲವರು ಮೂಗು ಮುರಿಯುವುದುಂಟು. 1798ರಷ್ಟು ಹಿಂದೆಯೇ ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಯಾವುದರ ಮೇಲೂ ಗಮನ ನಿಲ್ಲದವರ ಅವಸ್ಥೆಯನ್ನು ಬರೆದಿಟ್ಟಿದ್ದಾರೆ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಬುದ್ಧಿಗೇನೂ ಕೊರತೆಯಿಲ್ಲದೆಯೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. ಹೆಸರು ಮಾತ್ರ ಹಲವು ಸಲ ಬದಲಾಗಿ 1987ರಲ್ಲಿ ಈಗಿನ ರೂಪಕ್ಕೆ ಬಂದಿತು. ನೂರು ಮಕ್ಕಳಲ್ಲಿ ಸುಮಾರು ಐದು ಮಂದಿಗೆ ಇದು ಇರುತ್ತದೆಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಅವರಲ್ಲಿ ಅನೇಕರಿಗೆ ದೊಡ್ಡವರಾದ ಮೇಲೂ ಉಳಿಯುತ್ತದೆ. ಮನೆತನದಲ್ಲಿ ಹರಿದು ಬರುವ ಗುಣವೂ ಇದಕ್ಕೆ ಬಲವಾಗಿಯೇ ಇದೆ. ಮಗನ ಮರೆವನ್ನು ಕಂಡು ರೇಗುವ ತಂದೆ ತನ್ನ ಹುಡುಗತನವನ್ನು ಒಮ್ಮೆ ನೆನೆದು ನೋಡುವುದು ಒಳ್ಳೆಯದು.

ಎಲ್ಲ ಮರೆವೂ ಎ.ಡಿ.ಎಚ್.ಡಿ. ಅಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ನಿದ್ರೆಗೆಟ್ಟವರಿಗೆ, ರಕ್ತಹೀನತೆಯುಳ್ಳವರಿಗೆ, ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದವರಿಗೆ, ಖಿನ್ನತೆಯಲ್ಲಿ ಮುಳುಗಿದವರಿಗೆ ಮನಸ್ಸು ನಿಲ್ಲುವುದಿಲ್ಲ. ವೈದ್ಯರು ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿದ್ದವೇ, ಮನೆ ಶಾಲೆ ಎರಡೂ ಕಡೆ ಇವೆಯೇ, ಆರು ತಿಂಗಳಿಗೂ ಮಿಗಿಲಾಗಿ ಇವೆಯೇ ಎಂದು ಕೇಳಿ ತಿಳಿದ ಮೇಲೆಯೇ ನಿರ್ಣಯಿಸುತ್ತಾರೆ. ಮೊಬೈಲಿನಲ್ಲಿ ಹತ್ತು ಪ್ರಶ್ನೆಗಳಿಗೆ ಹೌದೆಂದು ಒತ್ತಿ ತನಗೆ ತಾನೇ ಹಣೆಪಟ್ಟಿ ಹಚ್ಚಿಕೊಳ್ಳುವುದು ಉಚಿತವಲ್ಲ.

ಇನ್ನು ನಮ್ಮಂಥವರಿಗೆ, ಅಂದರೆ ಮಠದ ಪಾಠಶಾಲೆಯಲ್ಲಿ ಕಲಿತವರಿಗೆ, ಬರೆದುಕೊಳ್ಳುವುದನ್ನು ಸಮರ್ಥಿಸುವುದು ಸ್ವಲ್ಪ ಕಷ್ಟದ ಕೆಲಸವೇ ಸರಿ. ನಮ್ಮ ವಿದ್ಯಾಭ್ಯಾಸವು ಕಂಠಪಾಠದ ಮೇಲೆ ನಿಂತಿತ್ತು. ನಸುಕಿನಲ್ಲಿ ಎದ್ದು ಅಮರಕೋಶವನ್ನೂ ಶಬ್ದರೂಪಗಳನ್ನೂ ಒಪ್ಪಿಸುವಾಗ ಪುಸ್ತಕದ ಕಡೆಗೆ ಕಣ್ಣು ಹೊರಳಿಸುವುದೇ ಅವಮಾನವೆನಿಸುತ್ತಿತ್ತು. ಪುಸ್ತಕದಲ್ಲಿರುವ ವಿದ್ಯೆ ಪರರ ಕೈಯಲ್ಲಿರುವ ಹಣದಂತೆ, ಬೇಕಾದಾಗ ಒದಗದು, ಎಂಬರ್ಥದ ಮಾತು ಹಳೆಯ ವಿದ್ವಾಂಸರ ಬಾಯಲ್ಲಿ ಸದಾ ಇರುತ್ತಿತ್ತು. ಆ ಪದ್ಧತಿಯ ಬಗ್ಗೆ ನಮಗೆ ಗೌರವವಿದೆ, ಅದರಿಂದ ನಮಗೆ ಲಾಭವೂ ಆಗಿದೆ. ಆದರೆ ಕಂಠಪಾಠದ ನೆನಪು ಬೇರೆ, “ನಾಳೆ ಹನ್ನೊಂದಕ್ಕೆ ಬ್ಯಾಂಕಿಗೆ ಹೋಗಬೇಕು” ಎಂಬುದರ ನೆನಪು ಬೇರೆ. ಮೊದಲನೆಯದು ಸಾವಿರ ಸಲ ತಿದ್ದಿ ತೀಡಿ ಕಲ್ಲಿನಲ್ಲಿ ಕೊರೆದ ಅಕ್ಷರ. ಎರಡನೆಯದು ಪಾಟಿಯ ಮೇಲೆ ಬಳಪದಿಂದ ಗೀಚಿದ್ದು. ಪಾಟಿ ಚಿಕ್ಕದು. ಹೊಸದನ್ನು ಬರೆಯಬೇಕಾದರೆ ಹಳೆಯದನ್ನು ಒರೆಸಲೇಬೇಕು. ಅಮರಕೋಶವನ್ನು ಪೂರ್ತಿಯಾಗಿ ಒಪ್ಪಿಸಬಲ್ಲ ಪಂಡಿತರು ಮನೆಯ ಬೀಗದ ಕೈಯನ್ನು ದಿನವೂ ಹುಡುಕುವುದನ್ನು ನಾವು ಕಂಡಿದ್ದೇವೆ.

ಈ ಪಾಟಿಯ ಅಳತೆಯನ್ನು ಮನಶ್ಶಾಸ್ತ್ರಜ್ಞರು ತೆಗೆದಿದ್ದಾರೆ. ಅಮೆರಿಕೆಯ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಮನುಷ್ಯನು ಒಮ್ಮೆಗೆ ಸುಮಾರು ಏಳು ಸಂಗತಿಗಳನ್ನು ಹಿಡಿದಿಟ್ಟುಕೊಳ್ಳಬಲ್ಲನೆಂದರು. 2001ರಲ್ಲಿ ನೆಲ್ಸನ್ ಕೋವನ್ ಎಂಬವರು ಅದನ್ನು ಮತ್ತೆ ಪರಿಶೀಲಿಸಿ ನಾಲ್ಕೇ ಎಂದರು. ಬೆಳಗಿನ ಎಂಟು ಗಂಟೆಗೆ ಒಬ್ಬ ಗೃಹಿಣಿಯ ತಲೆಯಲ್ಲಿರುವ ಸಂಗತಿಗಳನ್ನು ಎಣಿಸಿದರೆ ನಾಲ್ಕು ಎಲ್ಲಿ, ನಲವತ್ತು ಎಲ್ಲಿ! ಎ.ಡಿ.ಎಚ್.ಡಿ. ಇರುವವರಲ್ಲಿ ಅನೇಕರಿಗೆ ಈ ಪಾಟಿಯು ಇನ್ನೂ ಬೇಗ ಒರೆಸಿಹೋಗುತ್ತದೆ.

ಅರ್ಧಕ್ಕೆ ಬಿಟ್ಟ ಕೆಲಸಗಳಿಗೆ ಮತ್ತೊಂದು ಸ್ವಭಾವವಿದೆ. ಅವು ಸುಮ್ಮನೆ ಮಲಗುವುದಿಲ್ಲ. ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿ ಮುಗಿದ ಕೆಲಸಕ್ಕಿಂತ ನಡುವೆ ತಡೆದ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು 1927ರಲ್ಲಿ ಪ್ರಕಟಿಸಿದರು. ಆಮೇಲೆ ನಡೆದ ಪ್ರಯೋಗಗಳಲ್ಲಿ ಈ ಫಲ ಯಾವಾಗಲೂ ಒಂದೇ ತೆರನಾಗಿ ದೊರೆತಿಲ್ಲವಾದರೂ, ಬಾಕಿ ಉಳಿದ ಕೆಲಸವು ಮನಸ್ಸನ್ನು ಕುಟುಕುತ್ತದೆಂಬುದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ನಮಗೆ ಹೆಚ್ಚು ಉಪಯುಕ್ತವಾಗಿ ಕಂಡದ್ದು 2011ರ ಒಂದು ಅಧ್ಯಯನ. ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು, ಬಾಕಿ ಕೆಲಸದ ಚಿಂತೆಯು ಓದುವಾಗ ನಡುನಡುವೆ ಬಂದು ಕಾಡುತ್ತದೆಂಬುದನ್ನು ಮೊದಲು ತೋರಿಸಿದರು. ಆ ಕೆಲಸವನ್ನು ಎಂದು, ಎಲ್ಲಿ, ಹೇಗೆ ಮಾಡುವೆನೆಂಬ ನಿರ್ದಿಷ್ಟ ಯೋಜನೆಯನ್ನು ಹಾಕಿಕೊಂಡವರಿಗೆ, ಕೆಲಸವು ಇನ್ನೂ ಆಗದಿದ್ದರೂ, ಆ ಕಾಟ ನಿಂತಿತು. ಮನಸ್ಸು ಬಯಸುವುದು ಕೆಲಸವು ಮುಗಿಯಲೇಬೇಕೆಂದಲ್ಲ, ಅದಕ್ಕೊಂದು ನೆಲೆ ದೊರಕಲೆಂದು. ಸಾಲಗಾರನು ಕಂತಿನ ದಿನವನ್ನು ಗೊತ್ತುಮಾಡಿ ಹೇಳಿದ ಮೇಲೆ ಸಾಹುಕಾರನು ಬಾಗಿಲಿನಿಂದ ಎದ್ದು ಹೋಗುವಂತೆ.

ಸಾಹುಕಾರನ ಮಾತು ಬಂದಿದ್ದರಿಂದ ನಾವು ಮುಖ್ಯವಿಷಯಕ್ಕೆ ಬರುತ್ತೇವೆ. ಉತ್ತರ ಕರ್ನಾಟಕದ ಮಾರುಕಟ್ಟೆಯ ಊರೊಂದರಲ್ಲಿ ಕಾಳುಕಡಿ ವ್ಯಾಪಾರದ ಮನೆತನವೊಂದು ನಮಗೆ ಪರಿಚಿತವಾದುದು. ಆ ಮನೆಯ ಮಗ ಇಪ್ಪತ್ತಾರರ ತರುಣ. ಎರಡು ಸಲ ಕಾಲೇಜು ಬಿಟ್ಟವನು. ಅಂಗಡಿಯಲ್ಲಿ ಕೂರಿಸಿದರೆ ತೂಗಿದ ಚೀಲವನ್ನು ಬರೆಯದೆ ಕಳಿಸುವನು, ಬಾಕಿ ವಸೂಲಿಗೆಂದು ಹೊರಟವನು ದಾರಿಯಲ್ಲಿ ಇನ್ನೇನೋ ನೆನಪಾಗಿ ಬರಿಗೈಯಲ್ಲಿ ಮರಳುವನು. ತಂದೆಗೆ ಅವನು ಅಪ್ರಯೋಜಕ. ಆಳುಗಳ ಮುಂದೆಯೇ ಹಾಗೆ ಅನ್ನುತ್ತಿದ್ದರು. ಆ ತರುಣನು ಒಮ್ಮೆ ನಮ್ಮೊಡನೆ ಮಾತನಾಡುತ್ತ ಹೇಳಿದ್ದು ಹೀಗೆ: “ಗುರುಗಳ, ಕೆಲಸಕ್ಕ ನಾ ಬ್ಯಾಸರ ಮಾಡಂಗಿಲ್ಲರಿ. ಒಂದು ಕೆಲಸ ನೆನಪಾಗಿ ಎದ್ದು ಹೋಗೂದರಾಗ ಇನ್ನೊಂದು ಕೆಲಸ ಅದನ್ನ ನುಂಗಿರತೈತ್ರಿ.” ತನ್ನ ಸ್ಥಿತಿಯನ್ನು ಇಷ್ಟು ಸ್ಪಷ್ಟವಾಗಿ ಹೇಳಬಲ್ಲವನಿಗೆ ಬುದ್ಧಿಯಿಲ್ಲವೆನ್ನುವುದು ಹೇಗೆ? ಬದುಕೇ ಬೇಡವೆನಿಸಿದೆ ಎಂಬ ಮಾತನ್ನೂ ಅವನು ಅಂದು ಆಡಿದನು. ಅವನ ಚಿಕ್ಕಪ್ಪ ಅವನನ್ನು ಮನೋವೈದ್ಯರ ಬಳಿಗೆ ಕರೆದೊಯ್ದರು. ಎ.ಡಿ.ಎಚ್.ಡಿ. ಎಂದು ನಿರ್ಣಯವಾಯಿತು. ಔಷಧದೊಂದಿಗೆ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನೂ ವೈದ್ಯರು ವಿಧಿಸಿದರು. ತಂದೆ ನಕ್ಕರು. ಚೀಟಿ ಬರೆದುಕೊಂಡು ಬದುಕುವ ಗಂಡಸು ಎಂಥವನು ಎಂಬುದು ಅವರ ವಾದ.

ನಾವು ಅವರಿಗೆ ತೋರಿಸಿದ್ದು ಅವರದೇ ಅಂಗಡಿಯ ಗಲ್ಲೆಯ ಪಕ್ಕದಲ್ಲಿದ್ದ ಕೆಂಪು ರಟ್ಟಿನ ಕಿರ್ದಿಯನ್ನು. ಮೂರು ತಲೆಮಾರಿನ ವ್ಯಾಪಾರವು ಆ ಪುಸ್ತಕದ ಮೇಲೆ ನಿಂತಿದೆಯೇ ಹೊರತು ಯಾರ ನೆನಪಿನ ಮೇಲೂ ಅಲ್ಲ. ಯಾವ ಜಾಣ ವ್ಯಾಪಾರಿಯೂ “ನನಗೆ ನೆನಪಿರುತ್ತದೆ” ಎಂದು ಉದ್ರಿಯನ್ನು ಬರೆಯದೆ ಬಿಡುವುದಿಲ್ಲ. ಹಣಕ್ಕೆ ಒಪ್ಪುವ ನೀತಿಯು ಮನಸ್ಸಿಗೇಕೆ ಒಪ್ಪಬಾರದು?

ಕಂಪ್ಯೂಟರು ಬಂದ ಮೇಲೆ ಕಿರ್ದಿ ಖತಾವಣಿಗಳು ಅನೇಕ ತರುಣರಿಗೆ ಅಪರಿಚಿತವಾಗಿರುವುದರಿಂದ ಸ್ವಲ್ಪ ವಿವರಿಸುತ್ತೇವೆ. ಕಿರ್ದಿ ಅಂದಂದಿನ ಪುಸ್ತಕ. ವ್ಯವಹಾರವು ಯಾವ ಕ್ರಮದಲ್ಲಿ ನಡೆಯಿತೋ ಅದೇ ಕ್ರಮದಲ್ಲಿ ಅದರಲ್ಲಿ ದಾಖಲಾಗುತ್ತದೆ. ಜೋಳದ ಮಾರಾಟದ ಕೆಳಗೆ ಹಮಾಲರ ಕೂಲಿ, ಅದರ ಕೆಳಗೆ ಚಹದ ಖರ್ಚು, ಅದರ ಕೆಳಗೆ ಲಕ್ಷ ರೂಪಾಯಿಯ ಜಮೆ. ಅಲ್ಲಿ ದೊಡ್ಡದು ಚಿಕ್ಕದೆಂಬ ಭೇದವಿಲ್ಲ, ವಿಂಗಡಣೆಯಿಲ್ಲ, ಯೋಚನೆಗೆ ಪುರುಸೊತ್ತೂ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ, ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ, ಕಿರ್ದಿಯ ಒಂದೊಂದು ಸಾಲನ್ನೂ ನೋಡಿ ಅದು ಯಾರ ಹೆಸರಿಗೆ ಸೇರಬೇಕೋ ಆ ಖಾತೆಯ ಪುಟಕ್ಕೆ ಏರಿಸುವರು. ಆ ಎರಡನೆಯ ಪುಸ್ತಕವೇ ಖತಾವಣಿ. ಬರೆಯುವ ಕೆಲಸ ಒಂದು, ವಿಂಗಡಿಸುವ ಕೆಲಸ ಇನ್ನೊಂದು. ಇವೆರಡನ್ನೂ ಒಂದೇ ಹೊತ್ತಿನಲ್ಲಿ ಮಾಡಹೋದರೆ ಎರಡೂ ಕೆಡುತ್ತವೆಂಬುದನ್ನು ನಮ್ಮ ವ್ಯಾಪಾರಿಗಳು ಯಾವ ಮನಶ್ಶಾಸ್ತ್ರವನ್ನೂ ಓದದೆ ಕಂಡುಕೊಂಡಿದ್ದರು.

ಕಾಗದ ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಇದೇ ಕೆಲಸಕ್ಕೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಿಳಿಯ ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬೇಕಾದಾಗ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಅಂಗಡಿಗಳಲ್ಲಿಯೂ ಮಠಗಳಲ್ಲಿಯೂ ಲೆಕ್ಕಪತ್ರಗಳು ಇವುಗಳಲ್ಲಿಯೇ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆ ಪರಿಚಿತವಾದವು. ಇಂದು ಸರಕಾರಿ ಕಚೇರಿಯ ಫೈಲಿಗೆ ಕಡತವೆಂಬ ಹೆಸರು ಉಳಿದಿದೆ, ವಸ್ತು ಹೋಗಿದೆ. ಅಕ್ಷರ ಬಾರದ ನಮ್ಮ ಅಜ್ಜಿಯಂದಿರಿಗೂ ಇಂಥ ಉಪಾಯಗಳಿದ್ದವು. ಹಾಲಿನ ಲೆಕ್ಕಕ್ಕೆ ಅಡಿಗೆಮನೆಯ ಗೋಡೆಯ ಮೇಲೆ ಸುಣ್ಣದ ಬೊಟ್ಟು, ಮರೆಯಬಾರದ ಮಾತಿಗೆ ಸೆರಗಿನ ತುದಿಯಲ್ಲೊಂದು ಗಂಟು. ಅವರನ್ನು ಯಾರೂ ಬುದ್ಧಿಯಿಲ್ಲದವರೆಂದು ಹಳಿಯಲಿಲ್ಲ.

ಮನಸ್ಸಿನ ಕಿರ್ದಿಯನ್ನು ಇಡುವ ಬಗೆಯೂ ಇದೇ. ಅಂಗಿಯ ಜೇಬಿನಲ್ಲಿ ಹಿಡಿಯುವ ಪುಸ್ತಕವೊಂದಿರಲಿ. ಹೊಳೆದದ್ದನ್ನು ಹೊಳೆದ ಕೂಡಲೇ, ಹೊಳೆದ ಹಾಗೆಯೇ ಬರೆಯಬೇಕು. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ, ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ. ಆದರೆ “ಬ್ಯಾಂಕು” ಎಂದಷ್ಟೇ ಬರೆದರೆ ಸಂಜೆ ನೋಡುವಾಗ ಅದು ಒಗಟಾಗುತ್ತದೆ. “ಬ್ಯಾಂಕಿಗೆ ಹೋಗಿ ಅವ್ವನ ಪಿಂಚಣಿಯ ವಿಷಯ ಕೇಳಬೇಕು” ಎಂದು ಕ್ರಿಯಾಪದದ ಸಹಿತ ಬರೆಯಬೇಕು. ವ್ಯಾಕರಣ ಕಲಿತವರು ಹೇಳುವ ಮಾತೆಂದು ನಗಬೇಡಿ. ಕ್ರಿಯಾಪದವಿಲ್ಲದ ಚೀಟಿಯು ಚಿಂತೆಯನ್ನು ದಾಖಲಿಸುತ್ತದೆ, ಕೆಲಸವನ್ನು ದಾಖಲಿಸುವುದಿಲ್ಲ. ರಾತ್ರಿ ಊಟವಾದ ಮೇಲೆ ಖತಾವಣಿ. ದಿನಾಂಕವುಳ್ಳದ್ದು ಗೋಡೆಯ ಕ್ಯಾಲೆಂಡರಿನ ಚೌಕಕ್ಕೆ ಹೋಗಲಿ. ಇನ್ನೊಬ್ಬರು ಮಾಡಬೇಕಾದದ್ದನ್ನು ಅವರಿಗೆ ಹೇಳಿಬಿಡಬೇಕು. ಹಲವು ಸಾಲುಗಳು, ಓದಿ ನೋಡಿದರೆ, ಮಾಡಬೇಕಾದದ್ದೇ ಇಲ್ಲದಂಥವು. ಅವನ್ನು ಹೊಡೆದು ಹಾಕುವಾಗಿನ ಸುಖವನ್ನು ಅನುಭವಿಸಿದವರೇ ಬಲ್ಲರು. ಉಳಿದವುಗಳಲ್ಲಿ ಮೂರನ್ನು ಮಾತ್ರ ಆರಿಸಿ ನಾಳೆಯ ಚೀಟಿಗೆ ಬರೆಯಬೇಕು. ಹತ್ತೊಂಬತ್ತು ಕೆಲಸಗಳ ಪಟ್ಟಿಯನ್ನು ಕಂಡರೆ ಎಂಥವನಿಗೂ ಎದೆ ಒಡೆಯುತ್ತದೆ.

ಹೀಗೆ ಮಲಗುವ ಮುನ್ನ ಬರೆಯುವುದರಿಂದ ನಿದ್ರೆಗೂ ಅನುಕೂಲವಿದೆಯೆಂದು ಅಮೆರಿಕೆಯ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು. 57 ತರುಣ ತರುಣಿಯರನ್ನು ನಿದ್ರೆಯ ಪ್ರಯೋಗಶಾಲೆಯಲ್ಲಿ ಮಲಗಿಸಿ, ಅರ್ಧದಷ್ಟು ಮಂದಿಗೆ ಮುಂದೆ ಮಾಡಬೇಕಾದ ಕೆಲಸಗಳನ್ನೂ ಉಳಿದವರಿಗೆ ಮಾಡಿ ಮುಗಿಸಿದ ಕೆಲಸಗಳನ್ನೂ ಐದು ನಿಮಿಷ ಬರೆಯಲು ಹೇಳಿದರು. ಮುಂದಿನದನ್ನು ಬರೆದವರು ಸುಮಾರು ಒಂಬತ್ತು ನಿಮಿಷ ಮುಂಚಿತವಾಗಿ ನಿದ್ರೆಹೋದರು. ಎಷ್ಟು ವಿವರವಾಗಿ ಬರೆದರೋ ಅಷ್ಟು ಬೇಗ ನಿದ್ರೆ ಬಂದಿತು. ಇದು ಚಿಕ್ಕ ಪ್ರಯೋಗವೆಂಬುದು ನಿಜ. ಆದರೆ ಕಿರ್ದಿ ಮುಚ್ಚದೆ ಮಲಗಬಾರದೆಂಬ ಹಳೆಯ ಅಂಗಡಿಗಳ ಕಟ್ಟಳೆಗೆ ಇದು ಎಷ್ಟು ಹೊಂದುತ್ತದೆ ನೋಡಿ.

ಎ.ಡಿ.ಎಚ್.ಡಿ. ಇರುವ ವಯಸ್ಕರಿಗಾಗಿಯೇ ರೂಪಿಸಿದ ಚಿಕಿತ್ಸೆಯಲ್ಲಿಯೂ ಈ ಪುಸ್ತಕಕ್ಕೆ ಮೊದಲ ಸ್ಥಾನವಿದೆ. ಬಾಸ್ಟನ್ನಿನ ಸ್ಟೀವನ್ ಸಾಫ್ರೆನ್ ಮತ್ತು ಸಹೋದ್ಯೋಗಿಗಳು, ಔಷಧ ಸೇವಿಸುತ್ತಿದ್ದರೂ ತೊಂದರೆ ಉಳಿದಿದ್ದ 86 ಮಂದಿಯಲ್ಲಿ ತಮ್ಮ ಪದ್ಧತಿಯನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬರಿಯ ವಿಶ್ರಾಂತಿಯ ಅಭ್ಯಾಸ ಮಾಡಿದವರಿಗಿಂತ ಈ ಪದ್ಧತಿಯನ್ನು ಕಲಿತವರಿಗೆ ಹೆಚ್ಚು ಗುಣ ಕಂಡಿತು. ಆ ಪದ್ಧತಿಯ ಆರಂಭದ ಪಾಠವೇ ಒಂದು ಕ್ಯಾಲೆಂಡರು ಮತ್ತು ಒಂದು ಕೆಲಸದ ಪಟ್ಟಿ. ಮುಂದೆ ಬರುವ ಪಾಠವೊಂದು ನಮಗೆ ಬಹಳ ಹಿಡಿಸಿತು. ಕೆಲಸಕ್ಕೆ ಕುಳಿತಾಗ ಬೇರೆ ಯೋಚನೆ ನುಗ್ಗಿದರೆ ಅದನ್ನು ಅದುಮಬಾರದು, ಅದರ ಬೆನ್ನು ಹತ್ತಿ ಹೋಗಲೂಬಾರದು. ಪಕ್ಕದ ಕಾಗದದಲ್ಲಿ ಒಂದು ಸಾಲು ಬರೆದು ಕೈಯಲ್ಲಿನ ಕೆಲಸಕ್ಕೆ ಮರಳಬೇಕು. ಗೊತ್ತುಮಾಡಿದ ಅವಧಿ, ಹದಿನೈದೋ ಇಪ್ಪತ್ತೋ ನಿಮಿಷ, ಮುಗಿದ ಮೇಲೆ ಆ ಸಾಲುಗಳನ್ನು ನೋಡಿ ಯಾವುದು ಈಗ ಬೇಕು, ಯಾವುದು ಬೇಡವೆಂದು ನಿರ್ಧರಿಸಬೇಕು. ಅಪ್ರಸ್ತುತ ಪ್ರಸಂಗದ ಪೃಚ್ಛಕನಿಗೆ “ನಿಮ್ಮ ಪ್ರಶ್ನೆಯನ್ನು ಬರೆದುಕೊಂಡಿದ್ದೇನೆ, ಕುಳಿತಿರಿ” ಎಂದು ಹೇಳಿದಂತೆ. ಅವಧಾನಿಗಳಿಗೆ ಈ ಸೌಲಭ್ಯವಿಲ್ಲ. ಆದರೆ ಬದುಕು ಅವಧಾನದ ಸಭೆಯಲ್ಲ, ಕಾಗದ ಮುಟ್ಟಬಾರದೆಂಬ ನಿಯಮವನ್ನು ಇಲ್ಲಿ ಯಾರೂ ಹಾಕಿಲ್ಲ.

ಹೇಳಿದಷ್ಟು ಸುಲಭವಾಗಿ ಇದು ನಡೆಯುವುದಿಲ್ಲವೆಂಬುದೂ ನಮಗೆ ಗೊತ್ತಿದೆ. ಮರೆಯುವವನು ಪುಸ್ತಕವನ್ನೇ ಮರೆಯುತ್ತಾನೆ. ಅಮೆರಿಕೆಯ ತಜ್ಞ ರಸೆಲ್ ಬಾರ್ಕ್ಲಿ ಬಹುಕಾಲದಿಂದ ಒತ್ತಿ ಹೇಳುತ್ತ ಬಂದಿರುವಂತೆ, ಇಂಥವರಿಗೆ ಏನು ಮಾಡಬೇಕೆಂಬುದು ತಿಳಿಯದೆ ಇರುವುದಿಲ್ಲ, ತಿಳಿದದ್ದು ಬೇಕಾದ ಜಾಗದಲ್ಲಿ ಬೇಕಾದ ಹೊತ್ತಿಗೆ ಒದಗುವುದಿಲ್ಲ. ಆದ್ದರಿಂದ ಬರಹವು ಕೆಲಸ ನಡೆಯುವ ಜಾಗದಲ್ಲಿಯೇ ಇರಬೇಕು. ಬೀರುವಿನೊಳಗಿನ ಡೈರಿ ಬಾವಿಯೊಳಗಿನ ನೀರು. ಬುತ್ತಿಯ ಚೀಟಿ ಶಾಲೆಯ ಚೀಲದ ಮೇಲೆ, ಗುಳಿಗೆಯ ಚೀಟಿ ಹಲ್ಲುಜ್ಜುವ ಜಾಗದಲ್ಲಿ, ಗ್ಯಾಸ್ ಆರಿಸುವ ಚೀಟಿ ಹೊರಬಾಗಿಲಿನ ಚಿಲಕದ ಹತ್ತಿರ. ಅಂಚೆ ಕಚೇರಿಯಲ್ಲಿ ಪೆನ್ನಿಗೆ ದಾರ ಕಟ್ಟಿರುತ್ತಿದ್ದುದು ನೆನಪಿದೆಯಲ್ಲವೇ? ಕ್ಯಾಲೆಂಡರಿಗೂ ಹಾಗೆಯೇ ಒಂದು ಪೆನ್ನನ್ನು ಕಟ್ಟಿ ತೂಗುಹಾಕಬೇಕು. ಪೆನ್ನನ್ನು ಹುಡುಕಲು ಒಳಗೆ ಹೋದವನು ಮರಳಿ ಬರುವನೆಂಬ ಭರವಸೆಯಿಲ್ಲ. ಮೊಬೈಲಿನಲ್ಲಿ ಬರೆಯುವುದು ಕೆಲವರಿಗೆ ಹಿತ, ಅದು ಹೊತ್ತಿಗೆ ಸರಿಯಾಗಿ ಗಂಟೆಯನ್ನೂ ಬಾರಿಸುತ್ತದೆ. ಆದರೆ ಒಂದು ಸಾಲು ಬರೆಯಲೆಂದು ಅದನ್ನು ತೆರೆದವರು ಅರ್ಧ ಗಂಟೆಯ ಬಳಿಕ ಯಾರದೋ ಮದುವೆಯ ಫೋಟೋಗಳನ್ನು ನೋಡುತ್ತಿರುವುದನ್ನು ನಾವು ಬಲ್ಲೆವು. ಬರೆಯುವುದೇ ಕಷ್ಟವಾದ ಮಕ್ಕಳಿಗೆ, ಎ.ಡಿ.ಎಚ್.ಡಿ. ಇರುವ ಅನೇಕ ಮಕ್ಕಳಿಗೆ ಅಕ್ಷರದ ತೊಡಕೂ ಇರುತ್ತದೆ, ಅವರು ಹೇಳಿದ್ದನ್ನು ತಾಯಿ ಅಥವಾ ಅಜ್ಜ ಬರೆಯಲಿ. ಚಿತ್ರ ಬರೆದರೂ ನಡೆಯುತ್ತದೆ.

ಇನ್ನೊಂದು ಸಂಗತಿ. ಹೊಸ ಡೈರಿ ಕೊಂಡ ಮೊದಲ ವಾರದ ಉತ್ಸಾಹ ಮೂರನೆಯ ವಾರಕ್ಕೆ ಇರುವುದಿಲ್ಲ. ಎ.ಡಿ.ಎಚ್.ಡಿ. ಉಳ್ಳವರಲ್ಲಿ ಹೊಸತಿನ ಸೆಳೆತ ಹೆಚ್ಚು, ಹಳತರ ಬೇಸರವೂ ಹೆಚ್ಚು. ಪುಸ್ತಕ ಬಿಟ್ಟುಹೋಯಿತೆಂದು ಮನೆಯವರು ಹಂಗಿಸುವುದಕ್ಕೆ ಇದೇ ಸಮಯವನ್ನು ಕಾಯುತ್ತಿರುತ್ತಾರೆ. ಹಂಗಿಸುವ ಬದಲು ಖಾಲಿ ಉಳಿದ ದಿನಗಳನ್ನು ಹಾಗೆಯೇ ಬಿಟ್ಟು ಇಂದಿನ ದಿನಾಂಕ ಹಾಕಿ ಮುಂದೆ ಬರೆಯಲು ಹೇಳಿರಿ. ಬೇಕಾದರೆ ಹತ್ತು ರೂಪಾಯಿಯ ಹೊಸ ನೋಟುಬುಕ್ಕು ಕೊಡಿಸಿರಿ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕಾಗಿದೆ. ಹುಡುಗನು ಬೆಂಚು ಹತ್ತಿ ಕುಣಿದರೆ ಶಿಕ್ಷಕರ ಕಣ್ಣಿಗೆ ಬೀಳುತ್ತಾನೆ. ಹುಡುಗಿಯು ಕಿಟಕಿಯ ಕಡೆಗೆ ನೋಡುತ್ತ ಸುಮ್ಮನೆ ಕುಳಿತರೆ ಶಾಂತ ಸ್ವಭಾವದವಳೆಂದು ಹೊಗಳುತ್ತಾರೆ. ಗದ್ದಲವಿಲ್ಲದ ಈ ಬಗೆಯ ಎ.ಡಿ.ಎಚ್.ಡಿ. ಹೆಣ್ಣುಮಕ್ಕಳಲ್ಲಿ ವರ್ಷಗಟ್ಟಲೆ ಯಾರಿಗೂ ತಿಳಿಯದೆ ಉಳಿಯುತ್ತದೆ. ಮದುವೆಯಾಗಿ ಬಂದ ಮೇಲೆ ಅತ್ತೆಯ ರಕ್ತದೊತ್ತಡದ ಗುಳಿಗೆ, ಮಾವನ ಸಪ್ಪೆಯ ಅಡುಗೆ, ಮಕ್ಕಳ ಸಮವಸ್ತ್ರ, ಹಬ್ಬದ ಸಾಮಾನು, ಬಂಧುಗಳ ಮನೆಯ ಶುಭ ಅಶುಭಗಳು, ಇಷ್ಟೂ ಅವಳೊಬ್ಬಳ ತಲೆಯ ಮೇಲೆ ಬಿದ್ದಾಗ ಅದು ಹೊರಬೀಳುತ್ತದೆ. ಆಗ ಅವಳಿಗೆ ದೊರೆಯುವ ಬಿರುದು “ಲಕ್ಷ್ಯವಿಲ್ಲದವಳು”. ಇಂಥ ಮನೆಯಲ್ಲಿ ಕಿರ್ದಿಯು ಅವಳೊಬ್ಬಳದಾಗಿರಬಾರದು. ಅಡಿಗೆಮನೆಯ ಗೋಡೆಗೆ ಒಂದು ಕರಿಹಲಗೆ ಹಾಕಿ, ಮುಗಿದ ಸಾಮಾನನ್ನು ಮುಗಿಸಿದವರೇ ಬರೆಯಬೇಕು. ಗಂಡನೂ ಬರೆಯಬೇಕು, ಕಾಲೇಜಿಗೆ ಹೋಗುವ ಮೈದುನನೂ ಬರೆಯಬೇಕು.

ಆದರೆ ಅವಳದೇ ಆದ ಪುಸ್ತಕವೊಂದಿದ್ದರೆ ಅದನ್ನು ಯಾರೂ ತೆರೆಯಬಾರದು. ಇದನ್ನು ನಾವು ಕಟ್ಟುನಿಟ್ಟಾಗಿಯೇ ಹೇಳುತ್ತೇವೆ. ಬರಹವು ಕೆಲಸದ ಪಟ್ಟಿಯಾಗಿಯೇ ಉಳಿಯುವುದಿಲ್ಲ, ಮನಸ್ಸಿನ ನೋವೂ ಅಲ್ಲಿಗೆ ಇಳಿಯುತ್ತದೆ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಬಾಳಿನ ಕಹಿಯನ್ನು ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ ಬರೆದರು. ಬರೆದ ಕೂಡಲೇ ಅವರಿಗೆ ದುಃಖ ಹೆಚ್ಚಿತು, ಆದರೆ ಮುಂದಿನ ತಿಂಗಳುಗಳಲ್ಲಿ ಘಟನೆಯನ್ನೂ ಅದರ ವೇದನೆಯನ್ನೂ ಕೂಡಿಸಿ ಬರೆದವರು ವೈದ್ಯರಲ್ಲಿಗೆ ಹೋಗುವುದು ಕಡಿಮೆಯಾಯಿತು. ಆಮೇಲೆ ನಡೆದ 146 ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ತೂಗಿ ನೋಡಿದಾಗ ಪ್ರಯೋಜನವಿರುವುದು ನಿಜ, ಆದರೆ ಅಲ್ಪವೆಂದು ತಿಳಿಯಿತು. ಇದನ್ನು ಸಂಜೀವಿನಿಯೆಂದು ಸಾರುವವರನ್ನು ನಂಬಬೇಕಾಗಿಲ್ಲ. ಒಂದೇ ನೋವನ್ನು ದಿನವೂ ಅದೇ ಮಾತಿನಲ್ಲಿ ಬರೆದು ಬರೆದು ಇನ್ನಷ್ಟು ಆಳಕ್ಕೆ ಇಳಿಯುವವರೂ ಇದ್ದಾರೆ. ಅಂಥವರು ಬರೆಯುವುದನ್ನು ನಿಲ್ಲಿಸಿ ಯಾರೊಡನೆಯಾದರೂ ಬಾಯಿಬಿಟ್ಟು ಮಾತನಾಡಬೇಕು. ಹೇಗಿದ್ದರೂ ಓದುಗರಿದ್ದಾರೆಂಬ ಅಂಜಿಕೆಯಿದ್ದಲ್ಲಿ ಯಾರೂ ನಿಜ ಬರೆಯಲಾರರು. ಸೊಸೆಯ ಪುಸ್ತಕವನ್ನು ತೆರೆದು ಓದಿದ ಮನೆಯಲ್ಲಿ ಅಂದಿನಿಂದ ಎರಡು ತೊಂದರೆಗಳು, ಅವಳು ಬರೆಯುವುದಿಲ್ಲ, ಮಾತನಾಡುವುದೂ ಇಲ್ಲ. ಬರೆದು ಹರಿದು ಹಾಕುವವರು ಹರಿಯಲಿ, ಒಲೆಗೆ ಹಾಕುವವರು ಹಾಕಲಿ.

ಕಾಗದವು ಔಷಧಕ್ಕೆ ಬದಲಲ್ಲ. ಮೀಥೈಲ್‌ಫೆನಿಡೇಟ್ ಮೊದಲಾದ ಔಷಧಗಳು ಅನೇಕರಿಗೆ ಬಹಳ ಉಪಕಾರ ಮಾಡುತ್ತವೆ. ಅವನ್ನು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳುವುದಾಗಲಿ, ನೆರೆಮನೆಯವರ ಮಾತು ಕೇಳಿ ನಡುವೆ ಬಿಡುವುದಾಗಲಿ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮನೋವೈದ್ಯರಿದ್ದಾರೆ, ಜಿಲ್ಲಾ ಆಸ್ಪತ್ರೆಗಳಲ್ಲಿಯೂ ವಿಚಾರಿಸಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಬೇಡವೆಂಬ ಮಾತು ಮನೆಯಲ್ಲಿ ಯಾರ ಬಾಯಿಂದಲಾದರೂ ಬಂದರೆ ಅದನ್ನು ಬರೆದಿಟ್ಟು ಕಾಯಬಾರದು, ಅಂದೇ ಕರೆಮಾಡಬೇಕು.

ವೈದ್ಯರಲ್ಲಿಗೆ ಹೋಗುವಾಗ ಕಿರ್ದಿಯನ್ನು ಸಂಗಡ ಒಯ್ಯಿರಿ. ಹೊರಗೆ ಸರತಿಯ ಸಾಲಿರುತ್ತದೆ, ಒಳಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಹೇಳಬೇಕಾದ ಅರ್ಧ ಮಾತು ಮರೆತುಹೋಗುತ್ತದೆ. ಎರಡು ವಾರ ಎಷ್ಟು ಹೊತ್ತಿಗೆ ನಿದ್ರೆ ಬಂತು, ಗುಳಿಗೆ ತೆಗೆದುಕೊಂಡದ್ದು ಎಷ್ಟು ಗಂಟೆಗೆ, ಅದರ ಬಲ ಇಳಿದಂತೆ ಅನಿಸಿದ್ದು ಯಾವಾಗ, ಹಸಿವು ಹೇಗಿತ್ತು, ಯಾವ ಕೆಲಸ ಎಲ್ಲಿ ತಪ್ಪಿತು ಎಂಬ ಸಾಲುಗಳು ಅದರಲ್ಲಿದ್ದರೆ ವೈದ್ಯರಿಗೆ ಔಷಧದ ಪ್ರಮಾಣವನ್ನು ಗೊತ್ತುಮಾಡಲು ಅನುಕೂಲವಾಗುತ್ತದೆ. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಕೊನೆಯ ಪುಟದಲ್ಲಿ ಬರೆದು, ಉತ್ತರ ಬರೆದುಕೊಳ್ಳಲು ಕೆಳಗೆ ಜಾಗ ಬಿಟ್ಟಿರಬೇಕು.